ಹಳೆಯ ಸಂಯುಕ್ತ ಕೋವಿಗೆ ಬೆಲೆಯೆಷ್ಟು?

ಹಳೆಯ ವಸ್ತುವಿನ ಬೆಲೆ ಕಟ್ಟುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ಹಿತ್ತಾಳೆಯ ಕೊಡವಾದರೆ ತೂಕವೇ ಬೆಲೆ. ಚಿನ್ನದ ಬಳೆಯಾದರೆ ತೂಕದೊಡನೆ ಒರೆಗಲ್ಲಿನಲ್ಲಿ ಕಂಡ ಮಟ್ಟ. ಬೈಸಿಕಲ್ಲಾದರೆ ಇನ್ನೆಷ್ಟು ವರ್ಷ ಓಡೀತೆಂಬ ಅಂದಾಜು. ಆದರೆ ಈ ಮೂರು ಅಳತೆಗೋಲುಗಳಲ್ಲಿ ಒಂದಕ್ಕೂ ಸಿಕ್ಕದ ವಸ್ತುಗಳು ಕೆಲವುಂಟು. ಅವುಗಳಲ್ಲೊಂದನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಅದೇ ಸಂಯುಕ್ತ ಕೋವಿ. ಎಂದರೆ, ರೈಫಲ್ಲಿನ ನಳಿಗೆಯನ್ನೂ ಚರೆಕೋವಿಯ ನಳಿಗೆಯನ್ನೂ ಒಂದೇ ಹಿಡಿಗೆ ಜೋಡಿಸಿದ ಬೇಟೆಯ ಆಯುಧ.

ಮೈಸೂರಿನ ವಾಚಕರಿಗೆ ಇದು ದೂರದ ವಿಷಯವಲ್ಲ. ಬಂಡೀಪುರದ ಕಾಡು ಒಂದು ಕಾಲದಲ್ಲಿ ಮಹಾರಾಜರ ಬೇಟೆಯ ನೆಲವಾಗಿತ್ತು. ಬೇಟೆಯಲ್ಲಿ ಬಿದ್ದ ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ, ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಲೋಕಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಸಂಸ್ಥೆ ಈ ನಗರದಲ್ಲಿ ಸುಮಾರು ನೂರು ವರ್ಷ ನಡೆದು ೧೯೯೯ರಲ್ಲಿ ಮುಚ್ಚಿತು. ಅರಮನೆಗೆ ಸಮೀಪದ ಒಂದು ವೃತ್ತವನ್ನು ಜನರು ಇಂದಿಗೂ ಗನ್ ಹೌಸ್ ವೃತ್ತವೆಂದೇ ಕರೆಯುತ್ತಾರೆ. ಪಶ್ಚಿಮಕ್ಕೆ ಹೊರಟರೆ ಕೊಡಗು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುವ ಪದ್ಧತಿಯಿದೆ. ಇಂಥ ನಾಡಿನಲ್ಲಿ ಹಿರಿಯರ ಕೋವಿ ಮನೆಯಲ್ಲಿ ಉಳಿದುಬರುವುದು ಆಶ್ಚರ್ಯವಲ್ಲ.

ರಾಮಕೃಷ್ಣನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಾಫಿ ತೋಟದಲ್ಲಿ ದುಡಿದು, ಮುಪ್ಪಿನಲ್ಲಿ ಈ ಬಡಾವಣೆಗೆ ಬಂದು ನೆಲೆಸಿದ ಅಜ್ಜ ತೀರಿಕೊಂಡಿದ್ದಾರೆ. ಅವರ ಹೆಸರಿನ ಪರವಾನಗಿಯಲ್ಲಿ ಒಂದು ಸಂಯುಕ್ತ ಕೋವಿ ಇದೆ. “ವಿಲಾಯತಿ ಮಾಲು, ಲಕ್ಷಗಟ್ಟಲೆ ಬಾಳುತ್ತದೆ” ಎನ್ನುತ್ತಾರೆ ಒಬ್ಬ ನೆಂಟರು. “ಗುಜರಿಯವನೂ ಕೊಳ್ಳಲಾರ” ಎನ್ನುತ್ತಾರೆ ಇನ್ನೊಬ್ಬರು. ಇವರಲ್ಲಿ ಯಾರ ಮಾತು ದಿಟ? ಕೋವಿಯನ್ನು ನೋಡದೆ ಆಡಿದ ಎರಡು ಮಾತುಗಳೂ ಬರಿಯ ಊಹೆ. ಆದರೆ ಊಹೆಯನ್ನು ಬಿಟ್ಟು ವಿಚಾರದಿಂದ ಉತ್ತರ ಹುಡುಕಲು ಸಾಧ್ಯವಿದೆ. ಹುಡುಕಲೇಬೇಕಾದ ಅವಶ್ಯಕತೆಯೂ ಇದೆ. ಏಕೆಂದರೆ ಬೆಲೆಯನ್ನು ತಪ್ಪಾಗಿ ಎಣಿಸಿದವನು ಹಣವನ್ನಷ್ಟೇ ಕಳೆದುಕೊಂಡಾನು. ಹಳೆಯ ನಳಿಗೆಗೆ ತಪ್ಪು ತೋಟಾ ತುಂಬಿದವನು ಕೈಯನ್ನೋ ಕಣ್ಣನ್ನೋ ಕಳೆದುಕೊಳ್ಳುವನು. ಕಾಯಿದೆಯನ್ನು ಮರೆತವನು ಸೆರೆಮನೆಯನ್ನು ಕಾಣಬೇಕಾದೀತು.

ಎರಡು ಬಗೆಯ ನಳಿಗೆಗಳು

ಮೊದಲು ಈ ಕೋವಿಯ ರಚನೆಯನ್ನು ತಿಳಿಯೋಣ. ಚರೆಕೋವಿಯ ನಳಿಗೆಯ ಒಳಮೈ ನುಣುಪು. ಅದರಿಂದ ಹೊರಡುವುದು ಒಂದೇ ಗುಂಡಲ್ಲ. ನೂರಾರು ಸೀಸದ ಚರೆಗಳ ಒಂದು ಗುಂಪು. ಹಾರುವ ಹಕ್ಕಿಗೂ ಓಡುವ ಮೊಲಕ್ಕೂ ಇದು ತಕ್ಕದ್ದು. ನಳಿಗೆಯ ಅಳತೆಯನ್ನು ಹೇಳುವ ಕ್ರಮ ವಿಚಿತ್ರವಾದುದು. “೧೨ ಬೋರ್” ಎಂದರೆ ಹನ್ನೆರಡು ಮಿಲಿಮೀಟರೂ ಅಲ್ಲ, ಹನ್ನೆರಡು ಅಂಗುಲವೂ ಅಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆಗಳಾಗಿ ಎರಕ ಹೊಯ್ದರೆ ಒಂದೊಂದು ಉಂಡೆಯ ವ್ಯಾಸ ಎಷ್ಟಾಗುವುದೋ ಅಷ್ಟು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ೧೧.೩೪ ಗ್ರಾಂ ಎಂದಿಟ್ಟುಕೊಂಡು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಉತ್ತರ ಸುಮಾರು ೧೮.೫ ಮಿಲಿಮೀಟರು.

ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾದ ತೋಡುಗಳನ್ನು ಕೊರೆದಿರುತ್ತಾರೆ. ಗುಂಡು ಈ ತೋಡುಗಳನ್ನು ಕಚ್ಚಿಕೊಂಡು, ತನ್ನ ಅಕ್ಷದ ಸುತ್ತ ತಿರುಗುತ್ತ ಹೊರಬೀಳುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ತಿರುಗುವ ಗುಂಡು ಪಲ್ಟಿ ಹೊಡೆಯದೆ ಮೂತಿಯನ್ನು ಮುಂದಿಟ್ಟುಕೊಂಡೇ ಸಾಗುತ್ತದೆ. ಈ ತಿರುಗುವಿಕೆಯ ವೇಗವೆಷ್ಟು? .೩೦-೦೬ ಎಂಬ ಪ್ರಸಿದ್ಧ ಅಳತೆಯ ರೈಫಲ್ಲಿನಲ್ಲಿ ತೋಡು ಸಾಮಾನ್ಯವಾಗಿ ಹತ್ತು ಅಂಗುಲಕ್ಕೆ, ಎಂದರೆ ೦.೨೫೪ ಮೀಟರಿಗೆ, ಒಂದು ಸುತ್ತು ಹಾಕುತ್ತದೆ. ಗುಂಡು ಸೆಕೆಂಡಿಗೆ ೮೫೦ ಮೀಟರು ವೇಗದಲ್ಲಿ ಹೊರಬಿದ್ದರೆ, ಅದು ಸೆಕೆಂಡಿಗೆ ಸುಮಾರು ೩,೩೫೦ ಸುತ್ತು ತಿರುಗುತ್ತಿರುತ್ತದೆ. ನಿಮಿಷಕ್ಕೆ ಎರಡು ಲಕ್ಷ ಸುತ್ತು!

ಹಾಗಾದರೆ ತೋಡುಗಳಿರುವ ನಳಿಗೆಯಿಂದಲೇ ಚರೆಯನ್ನೂ ಹೊಡೆಯಬಾರದೇಕೆ? ಹೊಡೆದರೆ, ತೋಡಿನ ನಳಿಗೆಯೊಳಗಿಂದ ತಿರುಗುತ್ತ ಬಂದ ಚರೆಗಳು ಹೊರಗೆ ಬಂದೊಡನೆ ಚದರಿಹೋಗುತ್ತವೆ. ಒದ್ದೆ ಕೊಡೆಯನ್ನು ತಿರುಗಿಸಿದಾಗ ಹನಿಗಳು ಸುತ್ತಲೂ ಸಿಡಿಯುವಂತೆ ಅವು ಬಳೆಯಾಕಾರವಾಗಿ ಹರಡಿ, ನಡುವೆ ಬಯಲು ಉಳಿಯುತ್ತದೆ. ನುಣುಪಾದ ನಳಿಗೆಯಿಂದ ಒಂಟಿ ಗುಂಡು ಹೊಡೆದರೆ ಅದಕ್ಕೆ ತಿರುಗುವಿಕೆಯಿಲ್ಲ. ದೂರ ಹೆಚ್ಚಿದಂತೆ ಗುರಿ ಕೆಡುತ್ತದೆ. ಒಂದು ನಳಿಗೆಯಿಂದ ಎರಡು ಕೆಲಸವಾಗದ ಕಾರಣ ಎರಡು ನಳಿಗೆಗಳನ್ನು ಕೂಡಿಸಿದರು.

ಒಂದು ಹಿಡಿಗೆ ಹಲವು ನಳಿಗೆ

ಬೇಟೆಗಾರನ ಕಷ್ಟವನ್ನು ಊಹಿಸಬಹುದು. ಪೊದೆಯಿಂದ ಕಾಡುಕೋಳಿ ಹಾರೀತೋ ಹಂದಿ ನುಗ್ಗೀತೋ ಅವನಿಗೆ ಮೊದಲೇ ತಿಳಿಯದು. ಎರಡು ಕೋವಿಗಳನ್ನು ಹೊತ್ತು ನಡೆಯುವುದೂ ಆಗದು. ಈ ತೊಡಕಿಗೆ ಯುರೋಪಿನ ಕೋವಿಗಾರರು ಬಗೆಬಗೆಯ ಪರಿಹಾರಗಳನ್ನು ಕಂಡುಕೊಂಡರು. ಪಕ್ಕಪಕ್ಕದಲ್ಲಿ ಒಂದು ರೈಫಲ್ ನಳಿಗೆ, ಒಂದು ಚರೆ ನಳಿಗೆ ಇರುವುದು “ಕೇಪ್ ಗನ್”. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಹೆಸರು ಇದಕ್ಕೆ ಅಂಟಿತು. ನಮ್ಮಲ್ಲಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಗೂ ಇದಕ್ಕೂ ಸಂಬಂಧವಿಲ್ಲ. ಎರಡು ಚರೆ ನಳಿಗೆಗಳ ಕೆಳಗೆ ಒಂದು ರೈಫಲ್ ನಳಿಗೆಯನ್ನಿಟ್ಟ ಮೂರು ನಳಿಗೆಯ ಕೋವಿ ಜರ್ಮನರ “ಡ್ರಿಲಿಂಗ್”. ಜರ್ಮನ್ ಭಾಷೆಯಲ್ಲಿ “ಡ್ರೈ” ಎಂದರೆ ಮೂರು.

ಮೂರನೆಯ ಪರಿಹಾರ ಇಂಡಿಯಾದಲ್ಲಿ ಸೇವೆ ಸಲ್ಲಿಸಿದ್ದ ಜಾರ್ಜ್ ವಿನ್ಸೆಂಟ್ ಫಾಸ್‌ಬೆರಿ ಎಂಬ ಸೇನಾಧಿಕಾರಿಯದು. ನಳಿಗೆಯನ್ನು ಉದ್ದಕ್ಕೂ ನುಣುಪಾಗಿಯೇ ಬಿಟ್ಟು, ಬಾಯಿಯ ಹತ್ತಿರದ ಕೆಲವೇ ಅಂಗುಲಗಳಲ್ಲಿ ಮಾತ್ರ ತೋಡು ಕೊರೆಯುವ ಉಪಾಯಕ್ಕೆ ಆತ ೧೮೮೫ರಲ್ಲಿ ಪೇಟೆಂಟು ಪಡೆದನು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಅದನ್ನು “ಪ್ಯಾರಡಾಕ್ಸ್” ಎಂಬ ಹೆಸರಿನಿಂದ ಮಾರಿತು. ಅದೇ ನಳಿಗೆಯಿಂದ ಚರೆಯೂ ಬರುವುದು, ಸುಮಾರು ನೂರು ಗಜದವರೆಗೆ ಗುಂಡೂ ಗುರಿಗೆ ಬೀಳುವುದು. ಇಂಡಿಯಾದ ಕಾಡುಗಳಲ್ಲಿ ಅಲೆಯುತ್ತಿದ್ದ ಅಧಿಕಾರಿಗಳು ಮತ್ತು ತೋಟಗಾರರು ಇದನ್ನು ಮೆಚ್ಚಿದರು.

ಸಂಯುಕ್ತ ಕೋವಿ ಆಕಾಶವನ್ನೂ ಮುಟ್ಟಿ ಬಂದಿದೆಯೆಂದರೆ ವಾಚಕರು ಬೆರಗಾಗಬಹುದು. ೧೯೬೫ರ ಮಾರ್ಚಿಯಲ್ಲಿ ಸೋವಿಯೆತ್ ಗಗನಯಾತ್ರಿಗಳಾದ ಲಿಯನೋವ್ ಮತ್ತು ಬೆಲ್ಯಾಯೆವ್ ಅವರ ನೌಕೆ ಗೊತ್ತಾದ ಸ್ಥಳವನ್ನು ಬಿಟ್ಟು ಹಿಮ ತುಂಬಿದ ಕಾಡಿನಲ್ಲಿ ಇಳಿಯಿತು. ನೆರವು ಬರುವವರೆಗೆ ತೋಳ ಕರಡಿಗಳ ಆ ಕಾಡಿನಲ್ಲಿ ಅವರು ಕಾಯಬೇಕಾಯಿತು. ಈ ಅನುಭವದ ಫಲವಾಗಿ ಮುಂದೆ “ಟಿಪಿ-೮೨” ಎಂಬ ಮೂರು ನಳಿಗೆಯ ಪಿಸ್ತೂಲು ಸಿದ್ಧವಾಗಿ, ೧೯೮೬ರಿಂದ ಗಗನನೌಕೆಗಳ ರಕ್ಷಣಾ ಪೆಟ್ಟಿಗೆಯನ್ನು ಸೇರಿತು: ಎರಡು ನುಣುಪು ನಳಿಗೆ, ಒಂದು ತೋಡಿನ ನಳಿಗೆ. ಎರಡು ದಶಕಗಳ ತರುವಾಯ ಅದನ್ನು ಕೈಬಿಟ್ಟರು. ಅದಕ್ಕೆಂದೇ ತಯಾರಿಸಿದ ತೋಟಾಗಳ ಆಯುಸ್ಸು ತೀರಿತ್ತೆಂಬುದು ಆಗ ಹೊರಬಿದ್ದ ಕಾರಣ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೋವಿಯ ಬೆಲೆಯ ಗುಟ್ಟು ಇದರಲ್ಲಿ ಅಡಗಿದೆ.

ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ

ಒಂದು ರೈಫಲ್ಲಿಗೆ ಇಷ್ಟು ಬೆಲೆ, ಒಂದು ಚರೆಕೋವಿಗೆ ಇಷ್ಟು ಬೆಲೆ. ಎರಡೂ ಸೇರಿದುದಕ್ಕೆ ಅವೆರಡರ ಮೊತ್ತ ಬರಬೇಕಲ್ಲವೆ? ಹೊಸದಾಗಿ ಮಾಡಿಸುವಾಗ ಅದಕ್ಕಿಂತಲೂ ಹೆಚ್ಚೇ ಬೀಳಬಹುದು. ನಳಿಗೆಗಳನ್ನು ಜೋಡಿಸುವ ಕುಶಲತೆಗೂ ಕೂಲಿಯುಂಟು. ಆದರೆ ಮರುಮಾರಾಟದಲ್ಲಿ ಈ ಕೂಡುವ ಲೆಕ್ಕ ನಡೆಯುವುದಿಲ್ಲ.

ಕಾರಣವನ್ನು ಒಂದು ಸರಪಣಿಯ ಉದಾಹರಣೆಯಿಂದ ತಿಳಿಯಬಹುದು. ಕೊಳ್ಳುವವನು ನಾಲ್ಕು ಪ್ರಶ್ನೆ ಕೇಳುತ್ತಾನೆ: ಚರೆ ನಳಿಗೆ ಗಟ್ಟಿಯಿದೆಯೆ? ರೈಫಲ್ ನಳಿಗೆ ಗಟ್ಟಿಯಿದೆಯೆ? ಎರಡಕ್ಕೂ ತೋಟಾ ಸಿಕ್ಕುವುದೆ? ಕಾಯಿದೆ ಒಪ್ಪುವುದೆ? ನಾಲ್ಕಕ್ಕೂ “ಹೌದು” ಬಂದರೆ ಮಾತ್ರ ವ್ಯಾಪಾರ. ಹಳೆಯ ಕೋವಿಗಳಲ್ಲಿ ಒಂದೊಂದು ಪ್ರಶ್ನೆಗೂ “ಹೌದು” ಬರುವ ಸಂಭವ ಹತ್ತರಲ್ಲಿ ಒಂಬತ್ತು ಎಂದು ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ಪ್ರಶ್ನೆಗಳು ಒಂದಕ್ಕೊಂದು ಸಂಬಂಧಪಡದಿದ್ದರೆ, ನಾಲ್ಕಕ್ಕೂ “ಹೌದು” ಬರುವ ಸಂಭವ ೦.೯ನ್ನು ನಾಲ್ಕು ಸಲ ಗುಣಿಸಿದಷ್ಟು, ಎಂದರೆ ೦.೬೫೬. ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೋವಿಗಳು ಆಗಲೇ ಜರಡಿಯಿಂದ ಕೆಳಗೆ ಬಿದ್ದವು! ಯಾವುದಾದರೊಂದು ಉತ್ತರ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಎರಡು ಬೇರೆ ಬೇರೆ ಕೋವಿಗಳಿದ್ದರೆ ಒಂದು ಕೆಟ್ಟರೂ ಇನ್ನೊಂದನ್ನು ಮಾರಬಹುದಿತ್ತು. ಕೂಡಿಸಿದ ಕೋವಿಯಲ್ಲಿ ಒಂದು ನಳಿಗೆಯ ದೋಷ ಇನ್ನೊಂದರ ಬೆಲೆಯನ್ನೂ ತಿನ್ನುತ್ತದೆ.

ಇನ್ನು ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ನಳಿಗೆಯ ಆರೋಗ್ಯ

ತೋಟಾ ಸಿಡಿದಾಗ ನಳಿಗೆಯೊಳಗೆ ಹುಟ್ಟುವ ಒತ್ತಡ ಅಗಾಧವಾದುದು. ಯುರೋಪಿನ ಪರೀಕ್ಷಾ ನಿಯಮಗಳಲ್ಲಿ ಸಾಮಾನ್ಯ ೧೨ ಬೋರ್ ತೋಟಾಕ್ಕೆ ಗೊತ್ತುಮಾಡಿರುವ ಗರಿಷ್ಠ ಒತ್ತಡ ೭೪೦ ಬಾರ್; .೩೦-೦೬ ರೈಫಲ್ ತೋಟಾಕ್ಕೆ ೪,೦೫೦ ಬಾರ್. ಒಂದು ಬಾರ್ ಎಂದರೆ ಹೆಚ್ಚುಕಡಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಎರಡನೆಯದು ಮೊದಲನೆಯದಕ್ಕಿಂತ ಐದೂವರೆ ಪಟ್ಟು ಹೆಚ್ಚು. ಕೊಳವೆಯ ಗೋಡೆಯನ್ನು ಸೀಳಲೆಳಸುವ ಬಲ ಒತ್ತಡಕ್ಕೂ ಒಳವ್ಯಾಸಕ್ಕೂ ಅನುಲೋಮವಾಗಿಯೂ, ಗೋಡೆಯ ದಪ್ಪಕ್ಕೆ ವಿಲೋಮವಾಗಿಯೂ ಇರುತ್ತದೆ. ರೈಫಲ್ಲಿನ ಕೊಳವೆ ಸಣ್ಣದಾದುದರಿಂದ ಅದಕ್ಕೆ ಕೊಂಚ ಅನುಕೂಲ. ಆದರೂ ಸ್ಥೂಲವಾಗಿ ಲೆಕ್ಕ ಹಾಕಿದರೆ, ಅಷ್ಟೇ ದಪ್ಪದ ಗೋಡೆಯ ಮೇಲೆ ರೈಫಲ್ ತೋಟಾ ಹೊರಿಸುವ ಭಾರ ಚರೆತೋಟಾದ ಎರಡು ಪಟ್ಟಿಗೂ ಹೆಚ್ಚು. ಎರಡು ನಳಿಗೆಗಳಿಗೂ ಕೀಲು ಮತ್ತು ಅಗುಳಿ ಒಂದೇ ಆದುದರಿಂದ, ರೈಫಲ್ಲಿನ ಏಟಿಗೆ ಕೀಲು ಸಡಿಲವಾದರೆ ಚರೆ ನಳಿಗೆಯೂ ಅಪಾಯಕಾರಿಯಾಗುತ್ತದೆ. ಮಡಿಚುವ ಕೋವಿಯನ್ನು ಪರೀಕ್ಷಿಸುವ ಕಸಬುದಾರರು ಮೊದಲು ಕೀಲಿನ ಅಲುಗಾಟವನ್ನು ನೋಡುವುದು ಇದಕ್ಕಾಗಿಯೇ.

ಎರಡನೆಯ ಶತ್ರು ತುಕ್ಕು. ಹಳೆಯ ತೋಟಾಗಳಿಗೆ ಕಿಡಿ ಕೊಡುತ್ತಿದ್ದ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದು ಆಮ್ಲಜನಕವನ್ನು ಬಿಟ್ಟುಕೊಟ್ಟಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಡಿಗೆಯ ಉಪ್ಪಿನ ಹತ್ತಿರದ ನೆಂಟ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವಂತೆ ಇದೂ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು. ಆದಕಾರಣ ಎಣ್ಣೆ ಮಾತ್ರ ಸವರಿಟ್ಟ ಕೋವಿಯೂ ಒಳಗಿಂದೊಳಗೇ ತುಕ್ಕು ಹಿಡಿಯುವುದುಂಟು. ಮೊದಲು ಬಿಸಿನೀರಿನಿಂದ ತೊಳೆದು, ಒಣಗಿಸಿ, ಅನಂತರ ಎಣ್ಣೆ ಹಚ್ಚಬೇಕಾಗಿತ್ತು. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಅರ್ಧ ಶತಮಾನ ಕಳೆದ ಕೋವಿಯ ಗತಿಯನ್ನು ಹೇಳಬೇಕಾದ್ದಿಲ್ಲ. ನುಣುಪು ನಳಿಗೆಯ ಸಣ್ಣ ಕಲೆಯನ್ನು ಉಜ್ಜಿ ತೆಗೆಯಬಹುದು, ಗೋಡೆ ಅಷ್ಟು ತೆಳುವಾಗುವುದೂ ನಿಜ. ತೋಡಿನ ನಳಿಗೆಯಲ್ಲಿ ಉಜ್ಜಿದರೆ ತೋಡೇ ಮಾಯವಾಗುವುದು. ಗುರಿಯೂ ಅದರೊಡನೆ ಹೋಗುವುದು.

ಮೂರನೆಯದು ಬೆಸುಗೆ. ಎರಡು ನಳಿಗೆಗಳೂ ಒಂದೇ ಗುರಿಗೆ ಹೊಡೆಯುವಂತೆ ಕೂದಲೆಳೆಯಷ್ಟು ಸರಿಸಿ ಬೆಸೆಯುವುದು ಕೋವಿಗಾರನ ಕಠಿಣವಾದ ಕೆಲಸ. ಉಕ್ಕು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಹನ್ನೆರಡು ಭಾಗ ಬೆಳೆಯುತ್ತದೆ. ಅರುವತ್ತು ಸೆಂಟಿಮೀಟರಿನ ನಳಿಗೆ ಐವತ್ತು ಡಿಗ್ರಿ ಬಿಸಿಯಾದಾಗ ೦.೩೬ ಮಿಲಿಮೀಟರು ಉದ್ದವಾಗಬೇಕು. ಪಕ್ಕದ ತಣ್ಣನೆಯ ನಳಿಗೆ ಅದನ್ನು ಹಿಡಿದಿಟ್ಟುಕೊಂಡರೆ ಜೋಡಿ ಬಾಗದೆ ಬೇರೆ ದಾರಿಯಿಲ್ಲ. ಇಂಥ ಎಳೆದಾಟದಿಂದಲೂ ತುಕ್ಕಿನಿಂದಲೂ ಬೆಸುಗೆ ಬಿಟ್ಟ ಕೋವಿಯನ್ನು ಮತ್ತೆ ಹೊಂದಿಸಬಲ್ಲ ಕುಶಲಿಗಳು ಈಗ ವಿರಳ.

ನಾಲ್ಕನೆಯದು ಪರೀಕ್ಷಾ ಮುದ್ರೆ. ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಮುನ್ನ ಪ್ರತಿ ನಳಿಗೆಯನ್ನೂ ಹೆಚ್ಚಿನ ಒತ್ತಡದ ತೋಟಾದಿಂದ ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿಯಿದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ ೧೮೧೩ರಿಂದ ಈ ಕೆಲಸ ಮಾಡುತ್ತಿದೆ. ಮುದ್ರೆಯನ್ನು ಓದಬಲ್ಲವನಿಗೆ ಅದು ಕೋವಿಯ ಜಾತಕವಿದ್ದಂತೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ, ಮೈಮೇಲೆ ಸುಂದರವಾದ ಅಲೆಗೆರೆಗಳಿರುವ “ಡಮಾಸ್ಕಸ್” ನಳಿಗೆಗಳು ಬಹುಮಟ್ಟಿಗೆ ಕಪ್ಪುಮದ್ದಿನ ಕಾಲದವು. ಕಪ್ಪುಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆಗೆ ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ತುಂಬುವುದು ಪ್ರಾಣಾಪಾಯ. ತೋಟಾದ ಉದ್ದದಲ್ಲೂ ಒಂದು ಮೋಸವಿದೆ. ಅನೇಕ ಹಳೆಯ ೧೨ ಬೋರ್ ಕೋವಿಗಳ ತೋಟಾಮನೆ ೬೫ ಮಿಲಿಮೀಟರಿನದು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ತೋಟಾ ೭೦ ಮಿಲಿಮೀಟರಿನದು. ತೋಟಾದ ಬಾಯಿ ಮಡಿಚಿರುವುದರಿಂದ ಅದು ಸಲೀಸಾಗಿ ಒಳಗೆ ಕೂರುತ್ತದೆ. ಹೊಡೆದಾಗ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡ ಮಿತಿಮೀರುತ್ತದೆ. “ಒಳಗೆ ಹೋಯಿತು, ಆದುದರಿಂದ ಸರಿಹೊಂದಿತು” ಎಂಬ ತರ್ಕ ಇಲ್ಲಿ ಸಲ್ಲದು.

ತೋಟಾ ಎಲ್ಲಿ?

ನಳಿಗೆ ಆರೋಗ್ಯವಾಗಿದೆಯೆಂದೇ ಇಟ್ಟುಕೊಳ್ಳೋಣ. ಉಣ್ಣಲು ಅನ್ನವಿಲ್ಲದಿದ್ದರೆ ಆರೋಗ್ಯದಿಂದ ಪ್ರಯೋಜನವೇನು? ೧೨ ಬೋರ್ ಚರೆತೋಟಾ ನಮ್ಮ ದೇಶದಲ್ಲೇ ತಯಾರಾಗುತ್ತದೆ. ರೈಫಲ್ಲಿನ ಅಳತೆಗಳಲ್ಲಿ .೩೧೫ ಮತ್ತು .೩೦-೦೬ ತೋಟಾಗಳೂ ಇಲ್ಲಿ ತಯಾರಾಗುತ್ತವೆ. ಆದರೆ ಹಳೆಯ ಸಂಯುಕ್ತ ಕೋವಿಗಳು ಯುರೋಪಿನವು. ಅವುಗಳ ರೈಫಲ್ ನಳಿಗೆಗಳು ಹೆಚ್ಚಾಗಿ ಅಲ್ಲಿಯ ಅಳತೆಗಳವು. ಒಂದು ನಿದರ್ಶನವನ್ನು ಕೊಡುವುದಾದರೆ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನ ಪಡೆಗಾಗಿ ಸಾವರ್ ಸಂಸ್ಥೆ ತಯಾರಿಸಿದ ಪ್ರಸಿದ್ಧ ಡ್ರಿಲಿಂಗಿನಲ್ಲಿ ಎರಡು ೧೨ ಬೋರ್ ನಳಿಗೆಗಳೂ ೯.೩ ಮಿಲಿಮೀಟರಿನ ಒಂದು ರೈಫಲ್ ನಳಿಗೆಯೂ ಇದ್ದವು. ಜರ್ಮನಿಯಲ್ಲಿ ಆ ೯.೩ರ ತೋಟಾ ಅಂಗಡಿಯಲ್ಲಿ ಸಿಕ್ಕುವ ಸರಕು. ಅದು ಸಿಕ್ಕದ ಊರಿನಲ್ಲಿ ಅಂಥ ಕೋವಿಯ ಒಂದು ನಳಿಗೆ ಊರುಗೋಲಿಗೆ ಸಮಾನ. ಗಗನಯಾತ್ರಿಗಳ ಪಿಸ್ತೂಲಿಗೆ ಒದಗಿದ ಗತಿ ಇದೇ ಅಲ್ಲವೆ? ಪ್ಯಾರಡಾಕ್ಸ್ ಕೋವಿ ಈ ವಿಷಯದಲ್ಲಿ ಪುಣ್ಯವಂತ. ಅದರ ವಿಶೇಷ ಗುಂಡು ಸಿಕ್ಕದಿದ್ದರೂ, ನಳಿಗೆಯ ಮುದ್ರೆ ಮತ್ತು ತೋಟಾಮನೆಯ ಅಳತೆ ಒಪ್ಪಿದರೆ, ಚರೆಕೋವಿಯಾಗಿಯಾದರೂ ಬಾಳುತ್ತದೆ.

ಇನ್ನೊಂದು ಪ್ರಶ್ನೆಯೂ ಉಂಟು: ತೋಟಾ ಸಿಕ್ಕಿದರೂ ಹೊಡೆಯುವುದು ಯಾವುದನ್ನು? ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಹವ್ಯಾಸದ ಬೇಟೆಯ ಯುಗ ನಮ್ಮ ದೇಶದಲ್ಲಿ ಮುಗಿಯಿತು. ಮಹಾರಾಜರ ಬೇಟೆಗೆ ಮೀಸಲಾಗಿದ್ದ ಬಂಡೀಪುರ ಇಂದು ಹುಲಿಗಳಿಗೆ ಮೀಸಲು. ಗುರಿಹೊಡೆತದ ಸ್ಪರ್ಧೆಗಳಲ್ಲಿ ಚರೆಕೋವಿಗೆ ಒಂದು ಪಂದ್ಯ, ರೈಫಲ್ಲಿಗೆ ಇನ್ನೊಂದು. ಎರಡನ್ನೂ ಅರ್ಧರ್ಧ ಬಲ್ಲ ಸಂಯುಕ್ತ ಕೋವಿಗೆ ಎರಡರಲ್ಲೂ ಜಾಗವಿಲ್ಲ. “ಮೊಲವೋ ಹಂದಿಯೋ” ಎಂಬ ಸಂದೇಹಕ್ಕಾಗಿ ಹುಟ್ಟಿದ ಕೋವಿಗೆ ಆ ಸಂದೇಹವೇ ಇಲ್ಲದಂತಾಯಿತು. ಉಪಯೋಗದಿಂದ ಹುಟ್ಟುವ ಬೆಲೆ ಹೀಗೆ ಬಹುಮಟ್ಟಿಗೆ ಅಳಿಯಿತು.

ಕಾಯಿದೆಯ ತಕ್ಕಡಿ

೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿಯನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ೨೧ ವರ್ಷ ತುಂಬದವರಿಗೆ ಅದು ಸಾಮಾನ್ಯವಾಗಿ ದೊರೆಯದು. ಮೈಸೂರು ನಗರದಲ್ಲಿ ಪರವಾನಗಿ ನೀಡುವ ಅಧಿಕಾರ ಪೊಲೀಸ್ ಆಯುಕ್ತರದು. ಸ್ವರಕ್ಷಣೆಗೋ ಕ್ರೀಡೆಗೋ ಬೇಕೆನ್ನುವ ಉದ್ದ ನಳಿಗೆಯ ನುಣುಪು ಕೋವಿಗೆ ಕಾಯಿದೆ ಕೊಂಚ ಸುಲಭದ ದಾರಿಯನ್ನು ತೋರಿಸಿದೆ. ತೋಡಿನ ನಳಿಗೆಗೆ ತಕ್ಕ ಕಾರಣವನ್ನು ಅಧಿಕಾರಿಗೆ ಮನಗಾಣಿಸಬೇಕು. ಸೈನ್ಯದ .೩೦೩ ತೋಟಾ ಹಿಡಿಯುವ ರೈಫಲುಗಳಂತೂ ಸಾಮಾನ್ಯ ಪರವಾನಗಿಗೆ ಎಟುಕದವು. ಆದುದರಿಂದ ಸಂಯುಕ್ತ ಕೋವಿಯ ರೈಫಲ್ ನಳಿಗೆ ಕೊಳ್ಳುವವರ ಸಂಖ್ಯೆಯನ್ನು ಹೆಚ್ಚ��ಸುವುದರ ಬದಲು ಕುಗ್ಗಿಸುತ್ತದೆ.

೨೦೧೯ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇದರ ಪರಿಣಾಮವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಊಹಿಸಬಹುದು: ಮೂರನೆಯ ಕೋವಿಯನ್ನು ಬಿಡಬೇಕಾದವರು ಮಾರಲು ಹೊರಡುತ್ತಾರೆ, ಎರಡಿರುವವರು ಕೊಳ್ಳಲಾರರು. ಪೂರೈಕೆ ಹೆಚ್ಚಿ ಬೇಡಿಕೆ ತಗ್ಗಿದರೆ ಬೆಲೆ ಇಳಿಯುವುದು ಸಹಜ. ಇದಕ್ಕೆ ಎದುರಾಗಿ ಇನ್ನೊಂದು ಬಲವೂ ಉಂಟು. ೧೯೮೦ರ ದಶಕದಿಂದ ಸಾಮಾನ್ಯ ನಾಗರಿಕರು ವಿದೇಶದ ಕೋವಿಗಳನ್ನು ತರಿಸಿಕೊಳ್ಳುವುದು ನಿಂತುಹೋದುದರಿಂದ, ಅದಕ್ಕೆ ಮುಂಚೆ ಬಂದ ಒಳ್ಳೆಯ ವಿಲಾಯತಿ ಕೋವಿಗಳು ಸಂಖ್ಯೆಯಲ್ಲಿ ಹೆಚ್ಚಲಾರವು. “ವಿಲಾಯತಿ ಮಾಲು” ಎಂದ ನೆಂಟರ ಮಾತಿಗೆ ಆಧಾರ ಇದೇ. ಆದರೆ ಈ ಅಭಾವದ ಲಾಭ ಸಿಕ್ಕುವುದು ತೋಟಾ ದೊರೆಯುವ ಅಳತೆಯ, ಸುಸ್ಥಿತಿಯ ಕೋವಿಗಳಿಗೆ.

ಕೊಡಗಿನ ವಿಷಯವನ್ನು ಇಲ್ಲಿ ಹೇಳಬೇಕು. ೧೮೬೧ರಲ್ಲಿ ಆರಂಭವಾದ ವಿನಾಯಿತಿಯ ಪ್ರಕಾರ ಕೊಡವರು ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಬಹುದು. ೨೦೧೯ರಲ್ಲಿ ಕೇಂದ್ರ ಸರ್ಕಾರ ಇದನ್ನು ೨೦೨೯ರ ಅಕ್ಟೋಬರಿನವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಮನುಷ್ಯನಿಗೆ ಸೇರಿದುದು, ಕೋವಿಗೆ ಅಂಟಿದುದಲ್ಲ. ವಿನಾಯಿತಿಯಿಲ್ಲದವನು ಅದೇ ಕೋವಿಯನ್ನು ಕೊಳ್ಳಬೇಕಾದರೆ ಅವನಿಗೆ ಪರವಾನಗಿ ಬೇಕೇ ಬೇಕು.

ಲಂಡನ್ನಿನ ಬೆಲೆ, ಮೈಸೂರಿನ ಬೆಲೆ

ಕೆಲವು ಹಳೆಯ ಕೋವಿಗಳು ಹರಾಜಿನಲ್ಲಿ ಅಪಾರ ಹಣ ತರುವ ವಾರ್ತೆಯನ್ನು ವಾಚಕರು ಓದಿರಬಹುದು. ೨೦೧೯ರ ಮಾರ್ಚಿಯಲ್ಲಿ ಟಿಪ್ಪು ಸುಲ್ತಾನನ ಬೆಳ್ಳಿಕಟ್ಟಿನ ೨೦ ಬೋರ್ ಚಕಮಕಿ ಕೋವಿಯೊಂದು ಇಂಗ್ಲೆಂಡಿನ ಹರಾಜಿನಲ್ಲಿ ೬೦,೦೦೦ ಪೌಂಡಿಗೆ ಹೋಯಿತು. ಅದಕ್ಕೆ ಯಾರೂ ಮದ್ದು ತುಂಬುವುದಿಲ್ಲ. ಅಲ್ಲಿ ಮಾರಾಟವಾದುದು ಚರಿತ್ರೆ, ಕುಸುರಿ ಕೆಲಸ ಮತ್ತು ಮತ್ತೊಂದು ಇಲ್ಲವೆಂಬ ವಿರಳತೆ. ಜರ್ಮನ್ ವಿಮಾನ ಪಡೆಯ ಡ್ರಿಲಿಂಗುಗಳು ತಯಾರಾದುದು ಸುಮಾರು ಎರಡೂವರೆ ಸಾವಿರ ಮಾತ್ರ. ಸಂಗ್ರಾಹಕರು ಅವನ್ನು ಹುಡುಕುವುದು ಈ ಕಾರಣಕ್ಕೇ.

ಆದರೆ ಆ ಬೆಲೆಯನ್ನು ರಾಮಕೃಷ್ಣನಗರದ ಮನೆಯವರು ತಮ್ಮ ಲೆಕ್ಕಕ್ಕೆ ತಂದುಕೊಳ್ಳಬಾರದು. ಕೋವಿಯನ್ನು ಹೊರದೇಶಕ್ಕೆ ಕಳಿಸಲು ಪರವಾನಗಿ ಬೇಕು. ನೂರು ವರ್ಷ ತುಂಬಿದ, ಚಾರಿತ್ರಿಕ ಅಥವಾ ಕಲಾಮಹತ್ವವುಳ್ಳ ವಸ್ತುವಾದರೆ, ೧೯೭೨ರ ಪುರಾತನ ವಸ್ತುಗಳ ಕಾಯಿದೆ ಖಾಸಗಿಯವರು ಅದನ್ನು ರಫ್ತು ಮಾಡುವುದನ್ನೇ ತಡೆಯುತ್ತದೆ. ನದಿಯ ಆಚೆ ದಡದಲ್ಲಿ ಬೆಲೆ ಎಷ್ಟಿದ್ದರೇನು, ದಾಟಲು ದೋಣಿಯಿಲ್ಲದಿದ್ದರೆ? ಬೆಲೆ ಎಂಬುದು ಕೊಳ್ಳಲು ಇಚ್ಛೆಯೂ ಹಣವೂ ಅಧಿಕಾರವೂ ಇರುವ ಮನುಷ್ಯ ಎಟುಕಿನಲ್ಲಿದ್ದಾಗ ಮಾತ್ರ ಹುಟ್ಟುವಂಥದು.

ಇದಕ್ಕಿಂತ ವಿಚಿತ್ರವೆಂದರೆ, ಬೆಲೆ ಸೊನ್ನೆಗಿಂತಲೂ ಕೆಳಗಿಳಿಯಬಹುದು. ಮಾರಾಟವಾಗದ ಕೋವಿಯನ್ನು ಸುಮ್ಮನೆ ಮೂಲೆಯಲ್ಲಿಡುವಂತಿಲ್ಲ. ಪರವಾನಗಿ ಪಡೆಯಬೇಕು, ಅವಧಿ ತೀರಿದಾಗ ನವೀಕರಿಸಬೇಕು, ಭದ್ರವಾಗಿ ಕಾಯಬೇಕು. ಅಂಗಡಿಯಲ್ಲಿ ಠೇವಣಿಯಿಟ್ಟರೆ ಬಾಡಿಗೆ ತೆರಬೇಕು. ವರ್ಷವರ್ಷವೂ ಖರ್ಚನ್ನೇ ತರುವ ಸ್ವತ್ತು ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಸಾಲಕ್ಕೆ ಸಮಾನ.

ಮಾಡಬೇಕಾದುದೇನು?

ಪರವಾನಗಿದಾರರು ತೀರಿಕೊಂಡಮೇಲೆ ಕೋವಿಯನ್ನು ವೃಥಾ ತಡಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಾಗಲಿ, ಪರವಾನಗಿಯುಳ್ಳ ಕೋವಿ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಸೀತಿ ಪಡೆಯಬೇಕೆಂದು ಕಾಯಿದೆ ಹೇಳುತ್ತದೆ. ಠೇವಣಿಯಿಟ್ಟಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಗೊತ್ತಾದ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೆ ಪರವಾನಗಿಯುಳ್ಳವರಿಗೆ ಮಾರಬಹುದು. ಸ್ವಂತ ಬಳಕೆಯ ಕೋವಿಯನ್ನು ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಮಾರುವವರು ಕೊಳ್ಳುವವರ ಹೆಸರು ವಿಳಾಸಗಳೊಡನೆ ಅಧಿಕಾರಿಗಳಿಗೆ ಬರೆದು ತಿಳಿಸಿ, ೪೫ ದಿನ ಕಳೆದಮೇಲೆಯೇ ಕೈಬದಲು ಮಾಡಬೇಕು.

ಬೆಲೆಯನ್ನು ತಿಳಿಯಬಯಸುವವರು ಕೋವಿಯ ತಯಾರಕರ ಹೆಸರು, ಕ್ರಮಸಂಖ್ಯೆ, ಎರಡು ನಳಿಗೆಗಳ ಅಳತೆ, ತೋಟಾಮನೆಯ ಉದ್ದ, ಪರೀಕ್ಷಾ ಮುದ್ರೆ ಇವುಗಳನ್ನು ಪರವಾನಗಿಯುಳ್ಳ ಕಸಬುದಾರರಿಂದ ಬರೆಯಿಸಿಕೊಳ್ಳಲಿ. ಹೊಳಪು ಬರಲೆಂದು ಉಜ್ಜಿಸುವುದು ಬೇಡ. ಹಳೆಯ ಮೈಬಣ್ಣ ಹೋದರೆ ಸಂಗ್ರಾಹಕನು ಕೊಡಬಹುದಾಗಿದ್ದ ಬೆಲೆಯೂ ಅದರೊಡನೆ ಹೋಗುತ್ತದೆ. “ಇನ್ನೂ ಹೊಡೆಯುತ್ತದೆಯೇ ನೋಡೋಣ” ಎಂಬ ಪ್ರಯೋಗವಂತೂ ಸರ್ವಥಾ ಕೂಡದು. ತೋಟಾ ಇಲ್ಲವೆಂದು ಎಷ್ಟೇ ನಂಬಿಕೆಯಿದ್ದರೂ ಪ್ರತಿಯೊಂದು ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸಬೇಕು. ಬಾಲಕರು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಭೌತಶಾಸ್ತ್ರದಲ್ಲಿ ವಸ್ತುವಿನ ದ್ರವ್ಯರಾಶಿ ಮೈಸೂರಿನಲ್ಲಿದ್ದರೂ ಲಂಡನ್ನಿನಲ್ಲಿದ್ದರೂ ಒಂದೇ. ಬೆಲೆ ಅಂಥ ಗುಣವಲ್ಲ. ಅದು ಉಕ್ಕಿನ ಬಲ, ತೋಟಾದ ದೊರಕುವಿಕೆ, ಕಾಡಿನ ನಿಯಮ, ನಾಡಿನ ಕಾಯಿದೆ ಇವೆಲ್ಲವುಗಳ ನಡುವಣ ಒಂದು ಸಂಬಂಧ. ಇವುಗಳಲ್ಲಿ ಒಂದು ಕಡಿದರೂ ಉಳಿದವು ಅದನ್ನು ಎತ್ತಿಹಿಡಿಯಲಾರವು. ಆದಕಾರಣ ಹಿರಿಯರ ಕೋವಿಯ ಬೆಲೆಯನ್ನು ಕೇಳುವವರು ಮೊದಲು ಅದರ ಸ್ಥಿತಿಯನ್ನು ಕೇಳಲಿ, ಅನಂತರ ಅದರ ತೋಟಾವನ್ನು, ಆಮೇಲೆ ಅದರ ಕಾಗದಪತ್ರಗಳನ್ನು. ರೂಪಾಯಿಯ ಮಾತು ನಾಲ್ಕನೆಯದು.